ಗುರುವಿನ ಮೌನ, ಶಿಷ್ಯನ ಮಾತು

ವಚನವೆಂದರೆ ಮಾತು. ಕೊಟ್ಟ ಮಾತು ಎಂಬ ಅರ್ಥವೂ ಆ ಪದಕ್ಕುಂಟು. ಮಾತೆಂದ ಮೇಲೆ ಆಡುವವರೊಬ್ಬರು, ಆಲಿಸುವವರೊಬ್ಬರು ಇರಲೇಬೇಕು. ಶರಣ ಸಾಹಿತ್ಯದ ಅಧ್ಯಯನದಲ್ಲಿ ಆಡಿದವರ ಕಡೆಗೇ ಸಹಜವಾಗಿ ಹೆಚ್ಚು ಗಮನ ಹರಿದಿದೆ. ಅವರ ಕಾಲ, ಕಾಯಕ, ಅಂಕಿತ, ಅನುಭಾವಗಳನ್ನು ಕುರಿತು ಗ್ರಂಥಗಳೇ ರಚಿತವಾಗಿವೆ. ಆಲಿಸಿದವರಿಗೆ ಆ ಮಾತು ಹೇಗೆ ದಕ್ಕಿತು, ಎಷ್ಟು ಕಾಲ ಉಳಿಯಿತು, ಅವರ ಬಾಯಿಂದ ಮತ್ತೆ ಹೊರಟಾಗ ಅದು ಯಾರ ಮಾತಾಗಿತ್ತು ಎಂದು ಕೇಳಿದವರು ವಿರಳ. ಇವು ಬೋಧನೆಗೆ ಸಂಬಂಧಿಸಿದ ಪ್ರಶ್ನೆಗಳು. ಮಕ್ಕಳಿಗೆ ವಚನ ಕಲಿಸುವ ಪ್ರತಿಯೊಬ್ಬರ ಮುಂದೆಯೂ ಇವು ದಿನನಿತ್ಯ ಬಂದು ನಿಲ್ಲುತ್ತವೆ. ಹೆಚ್ಚಿನವರು ಗಮನಿಸದೆ ದಾಟಿಹೋಗುತ್ತಾರೆ.

ಉತ್ತರ ಕರ್ನಾಟಕದ ಮಠವೊಂದರ ಪ್ರಸಾದನಿಲಯದಲ್ಲಿ ಸಂಜೆಯ ಪ್ರಾರ್ಥನೆಯ ಬಳಿಕ ವಚನ ತರಗತಿ ನಡೆಯುತ್ತದೆ. ನಡೆಸುವವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಮೂರು ದಶಕಗಳಿಗೂ ಮಿಕ್ಕಿ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ದುಡಿದು ಬಂದವರು. ಊರಿಗೆ ಅವರು ಮಾಸ್ತರರು, ಮಕ್ಕಳಿಗೆ ಗುರುಗಳು. ಅವರದು ತುಂಬು ಕಂಠ. ಅವರು ಒಂದು ಸಾಲು ಹೇಳುವುದು, ನಲವತ್ತು ಮಕ್ಕಳು ಒಕ್ಕೊರಲಿನಿಂದ ಅದನ್ನು ಎತ್ತಿಕೊಳ್ಳುವುದು, ಮತ್ತೆ ಮುಂದಿನ ಸಾಲು. ಹೊರಗಿನ ಕಟ್ಟೆಯ ಮೇಲೆ ಕುಳಿತ ಭಕ್ತರು ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ಆ ಸಮೂಹಗಾನದಲ್ಲಿ ಚೆಲುವಿತ್ತು ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಒಂದು ವರ್ಷ ಆ ನಿಲಯದ ಏಳನೆಯ ತರಗತಿಯ ಬಾಲಕನೊಬ್ಬ ವಚನ ಕಂಠಪಾಠ ಸ್ಪರ್ಧೆಯಲ್ಲಿ ನೂರೊಂದು ವಚನಗಳನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸಿ ಪ್ರಥಮ ಬಹುಮಾನ ಪಡೆದನು. ದಸರೆಯ ರಜೆಗೆ ಊರಿಗೆ ಹೋದಾಗ ತಾಯಿ ಅವನನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ, ನೆರೆಯವರನ್ನು ಕರೆದು, ವಚನ ಹೇಳಿಸಿದಳು. ಆಕೆ ಕೂಲಿಯಿಂದ ಜೀವಿಸುವವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಇಷ್ಟಲಿಂಗಪೂಜೆಯನ್ನು ಒಂದು ದಿನವೂ ಬಿಟ್ಟವಳಲ್ಲ. ಹುಡುಗ ಒಂದು ವಚನ ಮುಗಿಸಿದೊಡನೆ ಆಕೆ ಕೇಳಿದಳು: "ಭಾಳ ಛಂದ ಅಂದಿ ನೋಡಪಾ. ಅದ್ರಾಗ ಶರಣರು ಏನ್ ಹೇಳ್ಯಾರ?"

ಹುಡುಗನಿಗೆ ಭಾವಾರ್ಥವೂ ಬಾಯಿಪಾಠವಾಗಿತ್ತು. ಪ್ರಸ್ತುತ ವಚನದಲ್ಲಿ ವಚನಕಾರರು ಡಾಂಭಿಕ ಭಕ್ತಿಯನ್ನು ಖಂಡಿಸಿ ನೈಜ ಭಕ್ತಿಯ ಮಹತ್ತ್ವವನ್ನು ಪ್ರತಿಪಾದಿಸಿದ್ದಾರೆ ಎಂದು ಮೊದಲ್ಗೊಂಡು ನಾಲ್ಕು ವಾಕ್ಯಗಳನ್ನು ಅವನು ತಡವರಿಸದೆ ಒಪ್ಪಿಸಿದನು. ತಾಯಿ ಕೈಜೋಡಿಸಿಕೊಂಡೇ ಕೇಳಿದಳು. ಮುಗಿದ ಮೇಲೆ ಆಕೆಯ ಪ್ರಶ್ನೆ ಇಷ್ಟೇ: "ಇದೂ ಒಂದು ವಚನ ಏನಪಾ?"

ರಜೆ ಮುಗಿಸಿ ಬಂದ ಹುಡುಗ ಇದನ್ನು ಮಾಸ್ತರರ ಮುಂದೆ ಹೇಳಿದಾಗ ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. ಆದರೆ ಆ ಮಾತು ಅವರನ್ನು ಬಿಡಲಿಲ್ಲ. ಬಿಡತಕ್ಕದ್ದೂ ಅಲ್ಲ. ಹೊಲದಲ್ಲಿ, ಮಗ್ಗದ ಗುಳಿಯಲ್ಲಿ, ಹರಿಗೋಲಿನಲ್ಲಿ ದುಡಿಯುವವರ ನುಡಿಯಲ್ಲಿ ಹುಟ್ಟಿದ ವಚನ, ದುಡಿಯುವ ತಾಯಿಯ ಮನೆಗೆ ಅವಳ ಮಗನ ಬಾಯಿಂದಲೇ ಪರಭಾಷೆಯಾಗಿ ಹಿಂದಿರುಗಿತ್ತು. ಎಂಟುನೂರು ವರ್ಷಗಳ ಅಂತರ ಅದಕ್ಕೆ ಕಾರಣವೆನ್ನುವಂತಿಲ್ಲ. ವಚನವನ್ನು ಆಕೆ ಛಂದವೆಂದಳು. ಅಡ್ಡ ಬಂದದ್ದು ಭಾವಾರ್ಥ.

ಇಂತಹ ಸಂದರ್ಭದಲ್ಲಿ ಕಂಠಪಾಠವೇ ದೋಷವೆಂದು ತೀರ್ಪು ಕೊಟ್ಟುಬಿಡುವುದು ಸುಲಭ. ಶಿಕ್ಷಣ ಕುರಿತ ಭಾಷಣಗಳಲ್ಲಿ ಆ ತೀರ್ಪು ಪದೇಪದೇ ಕೇಳಿಬರುತ್ತದೆ. ಕಲಿಕೆಯನ್ನು ಪ್ರಯೋಗಗಳಿಂದ ಪರೀಕ್ಷಿಸಿದವರು ಅಷ್ಟು ಅವಸರಪಡುವುದಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಪದಾಂಶಗಳ ಸಾಲುಗಳನ್ನು ವರ್ಷಗಟ್ಟಲೆ ತಾವೇ ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದು, 1885ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಕಲಿತ ಇಪ್ಪತ್ತು ನಿಮಿಷಗಳ ನಂತರ ಅದೇ ಸಾಲನ್ನು ಮತ್ತೆ ಕಲಿಯಹೊರಟರೆ ಮೊದಲ ಶ್ರಮದಲ್ಲಿ ಶೇಕಡಾ 58ರಷ್ಟು ಉಳಿತಾಯವಾಗುತ್ತಿತ್ತು. ಒಂದು ದಿನದ ಬಳಿಕ ಸುಮಾರು ಮೂರರಲ್ಲೊಂದು ಪಾಲು. ತಿಂಗಳ ಬಳಿಕ ಸುಮಾರು ಐದರಲ್ಲೊಂದು. ಮರೆವು ಮೊದಲ ದಿನವೇ ದೊಡ್ಡ ತುತ್ತನ್ನು ನುಂಗುತ್ತದೆ, ಅನಂತರ ನಿಧಾನಿಸುತ್ತದೆ. ಅದೇ ಗ್ರಂಥದಲ್ಲಿ ಮತ್ತೊಂದು ಸಂಗತಿಯಿದೆ. ಒಂದೇ ದಿನ 68 ಸಲ ಆವರ್ತನ ಮಾಡಿ ಪಡೆದ ಫಲವನ್ನು, ಮೂರು ದಿನಗಳಿಗೆ ಹಂಚಿ ಮಾಡಿದ 38 ಆವರ್ತನಗಳಿಂದಲೇ ಪಡೆಯಬಹುದಾಗಿತ್ತು. ಸ್ಪರ್ಧೆಯ ಹಿಂದಿನ ವಾರ ನಿದ್ದೆಗೆಡಿಸಿ ಮಕ್ಕಳಿಗೆ ವಚನ ತುಂಬುವ ಪದ್ಧತಿ ಎಲ್ಲೆಡೆ ಇರುವುದರಿಂದ ಈ ಲೆಕ್ಕವನ್ನು ಇಲ್ಲಿ ಕಾಣಿಸಲಾಗಿದೆ.

ಇನ್ನೊಂದು ಪ್ರಯೋಗ ಈಚಿನದು. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ಅವರು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಗಳಲ್ಲಿಯೂ ಓದುತ್ತಲೇ ಹೋಯಿತು. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿಟ್ಟು, ನೆನಪಿಗೆ ಬಂದುದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದರೆ ಓದುತ್ತಲೇ ಇದ್ದವರು ಮುಂದಿದ್ದರು: ಶೇಕಡಾ 83, ಮತ್ತೊಬ್ಬರದು 71. ಒಂದು ವಾರದ ಬಳಿಕ ಲೆಕ್ಕ ತಿರುಗಿತು. ಓದಿದವರಲ್ಲಿ ಉಳಿದದ್ದು ಶೇಕಡಾ 40, ನೆನೆದು ಬರೆದವರಲ್ಲಿ 61. ಆದರೂ ತಮಗೆ ಚೆನ್ನಾಗಿ ನೆನಪಿರುತ್ತದೆಂಬ ಭರವಸೆ ಹೆಚ್ಚಾಗಿದ್ದುದು ಓದುತ್ತಲೇ ಇದ್ದವರಿಗೆ. ಕಣ್ಣಿಗೆ ಪರಿಚಿತವಾದುದನ್ನು ಮನಸ್ಸು ತನ್ನದೆಂದು ಭ್ರಮಿಸುತ್ತದೆ. ಒಳಗಿನಿಂದ ಹುಡುಕಿ ತೆಗೆಯುವ ಪ್ರಯಾಸವೇ ಅದನ್ನು ತನ್ನದಾಗಿಸುವ ಕ್ರಿಯೆ.

ಹಾಗಾದರೆ ಪುಸ್ತಕವಿಲ್ಲದೆ ವಚನ ಹೇಳುವ ನಮ್ಮ ಹಿರಿಯರ ಪದ್ಧತಿಗೆ ಈ ಪ್ರಯೋಗ ಬೆಂಬಲವನ್ನೇ ನೀಡುತ್ತದೆ. ನಿಜ. ಆದರೆ ಒಂದು ಸೂಕ್ಷ್ಮವಿದೆ. ಒಕ್ಕೊರಲಿನಲ್ಲಿ ಹೇಳುವಾಗ ನೆನೆಯುವವರು ಯಾರು? ಗುರು ಸಾಲನ್ನು ಎತ್ತಿಕೊಡುತ್ತಾನೆ, ಮುಂದಿನ ಬೆಂಚಿನ ನಾಲ್ವರು ಹಿಡಿದುಕೊಳ್ಳುತ್ತಾರೆ, ಉಳಿದ ಕಂಠಗಳು ಆ ಹೊಳೆಯಲ್ಲಿ ತೇಲಿಹೋಗುತ್ತವೆ. ತೇಲುವುದಕ್ಕೂ ಈಜುವುದಕ್ಕೂ ಇರುವ ವ್ಯತ್ಯಾಸ ಹೊಳೆಯ ಮಧ್ಯದಲ್ಲಿ ಕೈಬಿಟ್ಟಾಗಲೇ ತಿಳಿಯುವುದು. ಅಲ್ಲದೆ ನೆನಪು ಕೇಳಿದ್ದನ್ನಷ್ಟೇ ಕೊಡುತ್ತದೆ. ಅಕ್ಷರ ತಪ್ಪದಂತೆ ಹೇಳೆಂದು ನೂರು ಸಲ ಕೇಳಿದರೆ ಅಕ್ಷರ ಗಟ್ಟಿಯಾಗುತ್ತದೆ. ಅರ್ಥವನ್ನು ನಿನ್ನ ಮಾತಿನಲ್ಲಿ ಹೇಳೆಂದು ಒಮ್ಮೆಯೂ ಕೇಳದಿದ್ದರೆ ಅರ್ಥ ಎಲ್ಲಿಂದ ಬರಬೇಕು?

ಕೇಳುತ್ತೇವಲ್ಲ ಎಂದು ಮಾಸ್ತರರ ವಾದವಿತ್ತು. ಅವರ ಸೊಸೆ ಬಿ.ಇಡಿ. ವ್ಯಾಸಂಗ ಮಾಡುತ್ತಿದ್ದಳು. ಒಂದು ಸಂಜೆ ತರಗತಿಯ ಹಿಂದೆ ಕುಳಿತು, ಮೊಬೈಲಿನ ಗಡಿಯಾರ ಹಿಡಿದು ಎಣಿಸಿದಳು. ಮನೆಗೆ ಬಂದು ಮೆಲ್ಲನೆ ಹೇಳಿದಳು: "ಮಾವಾರ, ನೀವು ಪ್ರಶ್ನಿ ಕೇಳ್ತೀರಿ, ಖರೆ. ಹುಡುಗೂರು ಬಾಯಿ ತೆಗಿಯೂದ್ರಾಗ ನೀವ ಉತ್ತರ ಹೇಳಿಬಿಡ್ತೀರಿ. ಒಂದು ಸೆಕೆಂಡೂ ಬಿಡಂಗಿಲ್ರಿ."

ಈ ದೋಷ ಅವರೊಬ್ಬರದಲ್ಲ. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನಶಿಕ್ಷಣದ ವಿದುಷಿ 1970ರ ದಶಕದಲ್ಲಿ ಅನೇಕ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡು ಮಾತ್ರ. ಮಗು ಉತ್ತರಿಸಿದ ಮೇಲೂ ಅಷ್ಟೇ. ಅದರ ಮಾತು ಮುಗಿಯಿತೋ ಇಲ್ಲವೋ, ಶಿಕ್ಷಕರ ಮಾತು ಮೇಲೆರಗುತ್ತಿತ್ತು. ಆ ವಿರಾಮವನ್ನು ಮೂರು ಸೆಕೆಂಡುಗಳಿಗೋ ಅದಕ್ಕಿಂತ ಹೆಚ್ಚಿಗೋ ವಿಸ್ತರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರಿಸುವವರ ಸಂಖ್ಯೆ ಹೆಚ್ಚಿತು, ಮಂದಬುದ್ಧಿಯವರೆಂದು ಬದಿಗಿಟ್ಟಿದ್ದ ಮಕ್ಕಳೂ ಮಾತನಾಡತೊಡಗಿದರು, ಮಕ್ಕಳೇ ಪ್ರಶ್ನೆ ಕೇಳಲಾರಂಭಿಸಿದರು. ಹೊಸ ಪಠ್ಯವಿಲ್ಲ, ಹೊಸ ಸಲಕರಣೆಯಿಲ್ಲ, ಖರ್ಚಿಲ್ಲ. ಎರಡು ಸೆಕೆಂಡುಗಳ ಹೆಚ್ಚುವರಿ ಮೌನ, ಅಷ್ಟೇ. ಮೌನದ ಮಹಿಮೆಯನ್ನು ಕುರಿತು ಪ್ರವಚನಗಳಲ್ಲಿ ಗಂಟೆಗಟ್ಟಲೆ ಕೇಳಿರುವ ಸದ್ಭಕ್ತರಿಗೆ ಇದು ವಿನೋದವೆನಿಸಬಹುದು. ಮೂರು ಸೆಕೆಂಡು ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಠಿಣವೆಂಬುದನ್ನು ಮನೆಯಲ್ಲಿ ಮೊಮ್ಮಗುವಿಗೆ ಮಗ್ಗಿ ಕೇಳಿ ಪರೀಕ್ಷಿಸಬಹುದು.

ಮಾಸ್ತರರು ತಮ್ಮದೇ ಒಂದು ಉಪಾಯ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಷಡಕ್ಷರಿಯನ್ನು ನಿಧಾನವಾಗಿ ಎರಡು ಸಲ ಜಪಿಸುವುದು. ಅಲ್ಲಿಯವರೆಗೆ ತುಟಿ ಬಿಚ್ಚುವುದಿಲ್ಲ. ಮೊದಲ ವಾರ ತರಗತಿ ಮುಜುಗರದಿಂದ ತುಂಬಿತ್ತು. ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿದರು. ಗುರುಗಳಿಗೆ ಮೈ ಸರಿಯಿಲ್ಲವೇನೋ ಎಂದು ಅಡುಗೆಯವರೂ ವಿಚಾರಿಸಿದರು.

ಇಷ್ಟು ಕಾಲ ಮಾತು ಏಕೆ ನಿಲ್ಲುತ್ತಿರಲಿಲ್ಲ? ಪ್ರೀತಿಯಿಂದ. ಮಗು ತಡವರಿಸುವುದನ್ನು ನೋಡಲಾರದ ಮಮತೆಯಿಂದ. ಬೋಧನೆಯ ತತ್ತ್ವಗಳಲ್ಲಿ ಅತ್ಯಂತ ಸೂಕ್ಷ್ಮವಾದುದು ಇಲ್ಲಿಯೇ ಅಡಗಿದೆ. ಸಹಾಯ ಮಾಡಬೇಕೆ ಎಂಬುದಲ್ಲ, ಯಾವಾಗ ಹಿಂದೆಗೆಯಬೇಕು ಎಂಬುದು ಪ್ರಶ್ನೆ. ರಷ್ಯಾದ ಲೆವ್ ವೈಗೋಟ್‌ಸ್ಕಿ ಕ್ಷಯರೋಗದಿಂದ 1934ರಲ್ಲಿ, ಮೂವತ್ತೇಳರ ಪ್ರಾಯದಲ್ಲಿ ತೀರಿಕೊಂಡರು. ಎರಡು ಮಕ್ಕಳ ಬೌದ್ಧಿಕ ವಯಸ್ಸು ಎಂಟೆಂದು ಪರೀಕ್ಷೆ ಹೇಳಿದರೂ, ತುಸು ನೆರವು ಸಿಕ್ಕಾಗ ಒಂದು ಮಗು ಒಂಬತ್ತು ವರ್ಷದವರ ಸಮಸ್ಯೆಗಳನ್ನೂ ಮತ್ತೊಂದು ಹನ್ನೆರಡು ವರ್ಷದವರ ಸಮಸ್ಯೆಗಳನ್ನೂ ಬಿಡಿಸಬಹುದು ಎಂಬುದು ಅವರು ಕೊಟ್ಟ ದೃಷ್ಟಾಂತ. ಒಬ್ಬನೇ ಮಾಡಬಲ್ಲದ್ದು ಮತ್ತು ನೆರವಿನಿಂದ ಮಾಡಬಲ್ಲದ್ದು, ಇವೆರಡರ ನಡುವಿನ ಪ್ರದೇಶವೇ ಬೋಧನೆಯ ಕ್ಷೇತ್ರ. ಈಗಾಗಲೇ ಬಲ್ಲದ್ದನ್ನು ಕಲಿಸುವುದು ವ್ಯರ್ಥ, ನೆರವಿದ್ದರೂ ನಿಲುಕದ್ದನ್ನು ಕಲಿಸುವುದೂ ವ್ಯರ್ಥ.

ಆ ನೆರವು ಹೇಗಿರಬೇಕೆಂಬುದನ್ನು 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಅವರು ಪರಿಶೀಲಿಸಿದರು. ಮೂರು, ನಾಲ್ಕು, ಐದು ವರ್ಷದ ಮೂವತ್ತು ಮಕ್ಕಳು 21 ಮರದ ತುಂಡುಗಳಿಂದ ಗೋಪುರ ಕಟ್ಟಬೇಕು, ಜೊತೆಗೊಬ್ಬ ಬೋಧಕಿ. ಆಕೆ ಕೊಡುವ ನೆರವಿಗೆ ಅವರು ಇಟ್ಟ ಹೆಸರು ಸಾರುವೆ. ಗೌಂಡಿಗಳ ಮಾತು ಅದು. ಗೋಡೆ ಏಳುವಾಗ ಬೊಂಬು ಕಟ್ಟಿ ಸಾರುವೆ ನಿಲ್ಲಿಸುತ್ತಾರೆ, ಗೋಡೆ ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ಬಿಚ್ಚದ ಸಾರುವೆಯ ಹಿಂದೆ ಗೋಡೆ ನಿಂತಿದೆಯೋ ಸಾರುವೆಯೇ ಗೋಡೆಯನ್ನು ಹಿಡಿದಿದೆಯೋ ಯಾರಿಗೂ ತಿಳಿಯದು. ಮಾಸ್ತರರ ತುಂಬು ಕಂಠವೇ ಆ ತರಗತಿಯ ಬಿಚ್ಚದ ಸಾರುವೆಯಾಗಿತ್ತು.

ವಿಚಿತ್ರವೆಂದರೆ, ಇದೆಲ್ಲ ಅವರಿಗೆ ಹೊಸದಾಗಿರಲಿಲ್ಲ. ಸೇವಾವಧಿಯ ಕೊನೆಯ ವರ್ಷಗಳಲ್ಲಿ ಅವರು ನಲಿಕಲಿ ತರಗತಿ ನಡೆಸಿದ್ದರು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ಕಂಡು ಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ ಆರಂಭಿಸಿದ ಕ್ರಮವದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಅಲ್ಲಿ ಅಕ್ಷರಮಾಲೆಯ ಅನುಕ್ರಮದಿಂದ ಕಲಿಕೆ ತೊಡಗುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು ಮೊದಲು. ಈ ಐದರಿಂದಲೇ ಮಗು ಅರಸ, ಸರ, ದರ, ಗರಗಸ ಎಂದು ಓದಬಲ್ಲದು. ಕೆಲವೇ ದಿನಗಳಲ್ಲಿ ಅಕ್ಷರಕ್ಕೆ ಅರ್ಥ ಕೂಡಿಕೊಳ್ಳುತ್ತದೆ. ಮಕ್ಕಳು ಕೂರುವುದು ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ. ಮೊದಲ ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಎರಡನೆಯದಕ್ಕೆ ಭಾಗಶಃ, ಮೂರು ನಾಲ್ಕರಲ್ಲಿ ಗೆಳೆಯರ ನೆರವು, ಕೊನೆಯದರಲ್ಲಿ ಮಗು ತಾನೇ. ಸಾರುವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಚ್ಚುವ ಕ್ರಮವೇ ಅದು. ತರಬೇತಿಯ ಕೊರತೆ, ಹರಿದ ಕಾರ್ಡುಗಳು, ಒಬ್ಬನೇ ಶಿಕ್ಷಕ ಹಲವು ತರಗತಿಗಳನ್ನು ನೋಡಿಕೊಳ್ಳುವ ಪಾಡು, ಇವುಗಳಿಂದ ಅದು ಸೊರಗಿದ ಶಾಲೆಗಳೂ ಇವೆ ಎಂಬುದು ಬೇರೆ ಮಾತು. ಆರು ವರ್ಷದ ಮಕ್ಕಳಿಗೆ ಗರಗಸ ಓದಿಸುವಾಗ ಐದು ತಟ್ಟೆ ಹಾಕಿದ ಮಾಸ್ತರರು, ಹನ್ನೆರಡು ವರ್ಷದ ಮಕ್ಕಳಿಗೆ ವಚನ ಕಲಿಸುವಾಗ ಅವರನ್ನು ಮೊದಲ ತಟ್ಟೆಯಿಂದ ಎಬ್ಬಿಸಿರಲೇ ಇಲ್ಲ. ಪವಿತ್ರವಾದುದನ್ನು ಕಲಿಸುವಾಗ ಮಕ್ಕಳನ್ನು ತಪ್ಪಲು ಬಿಡಬಾರದೆಂಬ ಅಂಜಿಕೆ ಇದಕ್ಕೆ ಕಾರಣವಿದ್ದೀತು. ವಚನಕ್ಕೆ ಅಂತಹ ಅಂಜಿಕೆಯ ಅಗತ್ಯವಿದೆಯೆ?

ಹದಿನೈದನೆಯ ಶತಮಾನದಲ್ಲಿ ಸಂಕಲನಗೊಳ್ಳಲಾರಂಭಿಸಿದ ಶೂನ್ಯಸಂಪಾದನೆಯನ್ನು ಈ ದೃಷ್ಟಿಯಿಂದ ಓದುವುದು ಫಲಪ್ರದ. ಅದು ವಚನಗಳ ಬರಿಯ ಸಂಗ್ರಹವಲ್ಲ; ಬಿಡಿ ವಚನಗಳನ್ನು ಪ್ರಶ್ನೋತ್ತರಗಳಾಗಿ ಹೆಣೆದ ಸಂವಾದಗ್ರಂಥ. ಅದರಲ್ಲಿ ಬರುವ ಮುಕ್ತಾಯಕ್ಕನ ಪ್ರಸಂಗ ಭಕ್ತರಿಗೆ ಪರಿಚಿತವೇ. ಆಕೆಗೆ ಅಣ್ಣ ಅಜಗಣ್ಣನೇ ಗುರು. ಅಣ್ಣ ಲಿಂಗೈಕ್ಯನಾದಾಗ ಆಕೆಗಾದ ನಷ್ಟ ಇಬ್ಬಗೆಯದು: ಒಡಹುಟ್ಟಿದವನೂ ಹೋದ, ಅರಿವಿತ್ತವನೂ ಹೋದ. ಅಲ್ಲಿಗೆ ಅಲ್ಲಮಪ್ರಭು ಬರುತ್ತಾರೆ. ಸಾಂತ್ವನದ ನಾಲ್ಕು ಮಾತು ಹೇಳಿ, ಅಜಗಣ್ಣನ ತೆರವಾದ ಸ್ಥಾನದಲ್ಲಿ ತಾವು ಕುಳಿತುಬಿಡುವುದು ಅವರಿಗೆ ಸುಲಭವಿತ್ತು. ಅವರು ಪ್ರಶ್ನಿಸುತ್ತಾರೆ. ಆಕೆ ತಲೆಬಾಗಿ ಒಪ್ಪಿಕೊಂಡುಬಿಡುವುದಿಲ್ಲ. ಮಾತಿಗೆ ಮಾತು ಕೊಡುತ್ತಾಳೆ, ಅಲ್ಲಮರ ನಿಲುವನ್ನೇ ಒರೆಗೆ ಹಚ್ಚುತ್ತಾಳೆ. ಸಂವಾದ ಮುಂದುವರಿದಂತೆ ಆಕೆಯ ಮಾತು ಅಣ್ಣನ ನೆರಳಿನಿಂದ ಹೊರಗೆ ಬರುತ್ತದೆ. ಈ ಪ್ರಸಂಗಕ್ಕೆ ವ್ಯಾಖ್ಯಾನಕಾರರು ಆಧ್ಯಾತ್ಮಿಕ ಅರ್ಥಗಳನ್ನು ವಿಪುಲವಾಗಿ ಹೇಳಿದ್ದಾರೆ, ಅವೆಲ್ಲ ಮಾನ್ಯವೇ. ಅದರೊಂದಿಗೆ, ಗುರು ಇಲ್ಲವಾದ ಮೇಲೆ ಶಿಷ್ಯೆಯಲ್ಲಿ ಉಳಿದದ್ದೇನು ಎಂಬ ಬೋಧನೆಯ ಮೂಲಪ್ರಶ್ನೆಯೂ ಅಲ್ಲಿದೆ. ಮುಕ್ತಾಯಕ್ಕನಿಗೆ ಒಪ್ಪಿಸುವ ಪಾಠ ಮಾತ್ರ ಬರುತ್ತಿದ್ದರೆ ಆ ಸಂವಾದ ಎರಡು ಮಾತಿಗೇ ನಿಂತುಹೋಗುತ್ತಿತ್ತು.

ಪ್ರಸಾದನಿಲಯದ ತರಗತಿ ಈಗ ಬೇರೆ ರೀತಿಯಲ್ಲಿ ಸಾಗಿದೆ. ವರ್ಷಕ್ಕೆ ಇಪ್ಪತ್ತು ವಚನಗಳು, ಅಷ್ಟೇ. ಸೋಮವಾರ ಕೇಳಿದ ವಚನವನ್ನು ಗುರುವಾರ ಒಬ್ಬೊಬ್ಬರೇ ಹೇಳಬೇಕು. ಮುಂದಿನ ತಿಂಗಳು ಮುನ್ಸೂಚನೆಯಿಲ್ಲದೆ ಮತ್ತೊಮ್ಮೆ. ಭಾವಾರ್ಥದ ಪುಸ್ತಕ ಮಾಸ್ತರರ ಪೆಟ್ಟಿಗೆಯಲ್ಲಿದೆ. ವಚನದ ಅರ್ಥವನ್ನು ಮನೆಯಲ್ಲಿ ಆಡುವ ಮಾತಿನಲ್ಲಿಯೇ ಹೇಳಬೇಕೆಂಬುದು ನಿಯಮ. ಬೀದರದ ಹುಡುಗ ಬೀದರದ ಮಾತಿನಲ್ಲಿ, ಹಾವೇರಿಯವನು ಹಾವೇರಿಯ ಮಾತಿನಲ್ಲಿ. ಒಕ್ಕೊರಲಿನ ಗಾಯನವನ್ನು ಅವರು ಕೈಬಿಟ್ಟಿಲ್ಲ, ತರಗತಿಯ ಕೊನೆಯಲ್ಲಿ ಅದಿದೆ. ಅದನ್ನು ಕಲಿಕೆಯೆಂದು ಎಣಿಸುವುದನ್ನು ಮಾತ್ರ ಬಿಟ್ಟಿದ್ದಾರೆ. ಮುಂದಿನ ವರ್ಷದ ಸ್ಪರ್ಧೆಯಲ್ಲಿ ನಿಲಯಕ್ಕೆ ಬಹುಮಾನ ಬರಲಿಲ್ಲ. ಹಿರಿಯ ಭಕ್ತರೊಬ್ಬರು ಅಸಮಾಧಾನಪಟ್ಟರು. ಹೊಳೆಯಂತೆ ಹರಿಯುತ್ತಿದ್ದ ವಚನಗಳು ಈಗ ಹನಿಯುತ್ತಿವೆ ಎಂದರು. ಅವರ ಮಾತಿನಲ್ಲಿ ಸತ್ಯವಿಲ್ಲವೆನ್ನಲಾಗದು. ಎಳವೆಯಲ್ಲಿ ತುಂಬಿಕೊಂಡ ವಚನ ಎಷ್ಟೋ ವರ್ಷಗಳ ನಂತರ, ಕಷ್ಟದ ದಿನವೊಂದರಲ್ಲಿ ತಾನಾಗಿ ಅರ್ಥ ತೆರೆಯುವುದುಂಟು. ಮಾಸ್ತರರು ವಾದಿಸಲಿಲ್ಲ. ಸ್ಪರ್ಧೆಗೆ ಹೋಗಬಯಸುವವರಿಗೆ ಬೆಳಗಿನ ಹೊತ್ತು ಪ್ರತ್ಯೇಕ ಅಭ್ಯಾಸ ಏರ್ಪಡಿಸಿದರು.

ಮನೆಗೆ ಹೋಗುವ ಮಕ್ಕಳಿಗೆ ಈಗ ರಜೆಯ ಕೆಲಸವೊಂದಿದೆ: ಮನೆಯವರಿಗೆ ಒಂದು ವಚನ ಹೇಳಿ, ಅವರು ಕೇಳುವ ಪ್ರಶ್ನೆಯನ್ನು ಬರೆದುಕೊಂಡು ಬರುವುದು. ಉತ್ತರ ಬರೆಯಬೇಕಾಗಿಲ್ಲ. ಬಹುಮಾನ ಗೆದ್ದಿದ್ದ ಆ ಹುಡುಗ ದೀಪಾವಳಿಗೆ ಹೋದಾಗ ಕಾಯಕವನ್ನು ಕುರಿತ ವಚನವೊಂದನ್ನು ತಾಯಿಗೆ ಹೇಳಿ, ಅರ್ಥವನ್ನು ಅವಳದೇ ಮಾತಿನಲ್ಲಿ ತಿಳಿಸಿದ್ದ. ಅವನು ಬರೆದು ತಂದ ಅವಳ ಪ್ರಶ್ನೆ ಹೀಗಿತ್ತು: "ಗಂಡಾಳಿಗಿಂತ ನಮಗ ಪಗಾರ ಕಡಿಮಿ ಕೊಡ್ತಾರ. ಹಂಗ ಕೊಟ್ಟ ಮ್ಯಾಲೂ ಅದು ಕಾಯಕನ ಏನು?"

ಮಾಸ್ತರರು ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಸುಮ್ಮನೆ ಕುಳಿತರು. ಷಡಕ್ಷರಿ ಎರಡು ಸಲವಲ್ಲ, ಬಹಳ ಸಲ ಆಗಿರಬೇಕು. ಹಿಂದಿನ ಸಾಲಿನಲ್ಲಿ, ಎಂದೂ ಬಾಯಿ ತೆರೆಯದ ಐದನೆಯ ತರಗತಿಯ ಹುಡುಗನೊಬ್ಬ ಮೊದಲು ಕೈ ಎತ್ತಿದ. ಅವನ ತಾಯಿಯೂ ಕೂಲಿಗೆ ಹೋಗುತ್ತಾಳೆ. ಕಾಯಕ ಅವರದು, ತಪ್ಪು ಕೊಡುವವನದು ಎಂದು ಅವನೆಂದ. ಇನ್ನೊಬ್ಬ ಒಪ್ಪಲಿಲ್ಲ. ಹಾಗಾದರೆ ದಾಸೋಹಕ್ಕೆ ಅವಳ ಕೈಯಲ್ಲಿ ಏನು ಉಳಿಯುತ್ತದೆ ಎಂದು ಮೂರನೆಯವನು ಕೇಳಿದ. ಪ್ರಸಾದದ ಗಂಟೆ ಬಾರಿಸಿದ ಮೇಲೂ ಯಾರೂ ಏಳಲಿಲ್ಲ; ಅಡುಗೆಯವರು ಬಾಗಿಲಿಗೆ ಬಂದು ಕರೆಯಬೇಕಾಯಿತು.